ಸ್ಟೇಡಿಯಂ ಬಾಗಿಲಲ್ಲಿ ಚಪ್ಪಲಿ ಬಿಟ್ಟವರು

ಹೆಬ್ಬೂರಿನ ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಒಂದಿತ್ತು. ಕೀ ಕೊಟ್ಟರೆ ನಡೆಯುತ್ತಿತ್ತು, ಕೊಡದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಏಕೆಂದರೆ ಮನೆ ನಡೆಯುತ್ತಿದ್ದುದು ತಾತನ ದನಿಯ ಮೇಲೆ. ತಾತ ಜಗಲಿಯ ಕಂಬಕ್ಕೆ ಒರಗಿ, ಒಮ್ಮೆ ಕೆಮ್ಮಿ, ಒಂದು ಹೆಸರು ಕೂಗಿದರೆ ಮುಗಿಯಿತು. ಆ ಹೆಸರಿನವರು ಕೈಯಲ್ಲಿದ್ದುದನ್ನು ಕೈಯಲ್ಲೇ ಹಿಡಿದುಕೊಂಡು ಬಂದು ಎದುರಿಗೆ ನಿಲ್ಲಬೇಕು. ಅವ್ವ ಹಿಟ್ಟಿನ ಕೋಲು ಹಿಡಿದು ಬರುತ್ತಿದ್ದಳು, ಅದರ ತುದಿಯಿಂದ ರಾಗಿ ಹಿಟ್ಟು ನಡುಮನೆಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ಅಟ್ಟದ ಮೇಲೆ ಕೊಬ್ಬರಿಗೆಂದು ಇಟ್ಟ ಕಾಯಿಗಳನ್ನು ಹೊರಳಿಸುತ್ತಿದ್ದ ಅಪ್ಪ ಒಂದು ಕಾಯನ್ನು ಕಂಕುಳಲ್ಲಿ ಇರುಕಿಕೊಂಡೇ ಏಣಿ ಇಳಿಯುತ್ತಿದ್ದರು. ಎರಡನೇ ಸಲ ಕೂಗುವ ಪದ್ಧತಿ ನಮ್ಮಲ್ಲಿರಲಿಲ್ಲ. ತಾತ ಪ್ರಾಯದಲ್ಲಿ ಕುಸ್ತಿ ಆಡಿದವರು, ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿ ಬೆಳೆದವರು. ಗಂಟಲಿನಿಂದಲ್ಲ, ಎದೆಯ ಗೂಡಿನಿಂದ ಎದ್ದು ಬರುತ್ತಿದ್ದ ಆ ದನಿಗೆ ಕೊಟ್ಟಿಗೆಯ ಎಮ್ಮೆಗಳು ಕೂಡ ಮೆಲುಕು ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದವು.

ದೇವರು ನನಗೆ ಮೈ ಕೊಡುವಾಗ ಭಾರೀ ಜಿಪುಣತನ ಮಾಡಿದ್ದ. ನುಗ್ಗೆಕಾಯಿಯಂಥ ಕಾಲು, ಎರಡೂ ಕಡೆ ಬಾಗಿಲು ತೆರೆದಿಟ್ಟಂತೆ ಕಿವಿ, ಮುಂದೆ ಬಂದು ಯಾರು ಬಂದರೆಂದು ನೋಡುವ ಎರಡು ಹಲ್ಲು. ಆದರೆ ಅದೇ ದೇವರು ಕೊನೆಗಳಿಗೆಯಲ್ಲಿ ಪಾಪ ಅನಿಸಿ ಗಂಟಲಿನೊಳಗೆ ಹತ್ತಾರು ಜನರನ್ನು ತುರುಕಿ ಕಳಿಸಿದ್ದ. ಕುಣಿಗಲ್ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರು, ಸೀನುವ ಮೊದಲು ಮೂರು ರಾಗ ಎಳೆಯುವ ನಮ್ಮ ಹೆಡ್‌ಮಾಸ್ಟರು, ಕರು ಕಾಣದ ಎಮ್ಮೆ, ಅಜ್ಜಿಯ ಗೊರಕೆ, ಟ್ರಾನ್ಸಿಸ್ಟರಿನಲ್ಲಿ ವಾರ್ತೆ ಓದುವಾತ, ಎಲ್ಲರೂ ನನ್ನೊಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದರು. ಊರಿನವರು ನನಗೆ ಮೈಕು ಎಂದು ಹೆಸರಿಟ್ಟಿದ್ದರು. ಇದೆಲ್ಲದರ ಪೈಕಿ ನನ್ನ ಹೆಮ್ಮೆಯ ಸಾಧನೆಯೆಂದರೆ ತಾತನ ದನಿ. ಅವರು ತೋಟಕ್ಕೆ ಹೋದದ್ದು ಖಾತ್ರಿಯಾದ ಮೇಲೆ ಜಗಲಿಯ ಕಂಬಕ್ಕೆ ಒರಗಿ, ಅವರಂತೆಯೇ ಕೆಮ್ಮಿ, ನಾನು ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೂಗುತ್ತಿದ್ದೆ. ಅವ್ವ ಕೋಲಿನ ಸಮೇತ ಓಡಿ ಬರುವಳು, ನನ್ನನ್ನು ಕಂಡು ಅದೇ ಕೋಲಿನಲ್ಲಿ ಎರಡು ಬಿಡುವಳು. ಬಿಸಿ ಹಿಟ್ಟು ಮೆತ್ತಿದ ಏಟಿನ ರುಚಿ ತಿಂದವರಿಗೇ ಗೊತ್ತು.

ಈ ದನಿಗೆ ಹೆಚ್ಚು ಸಲ ಮೋಸಹೋದವಳು ಸರೋಜತ್ತೆ, ಅಪ್ಪನ ಕೊನೇ ತಂಗಿ. ಆಗ ಅವಳು ತುಮಕೂರಿನಲ್ಲಿ ಪಿಯುಸಿ ಓದುತ್ತಿದ್ದಳು, ದಿನವೂ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಮೊದಮೊದಲು ನಾನು ಕೂಗಿದರೆ ಸೆರಗು ಸರಿಮಾಡಿಕೊಂಡು "ಬಂದೆ ಅಯ್ಯ" ಎನ್ನುತ್ತಾ ಓಡಿ ಬರುತ್ತಿದ್ದಳು. ಆಮೇಲೆ ಹುಷಾರಾದಳು. ತಾತ ಮನೆಯಲ್ಲಿಲ್ಲ ಎಂದು ಗೊತ್ತಿದ್ದಾಗ ಆ ದನಿ ಕೇಳಿದರೆ ಇದ್ದಲ್ಲಿಂದಲೇ ಕೂಗುತ್ತಿದ್ದಳು:

"ಹೋಗ್ಲಾ ಮೂದೇವಿ! ಕೆಲ್ಸ ಮುಗ್ಸಿ ಬಂದು ನಿನ್ ಹಲ್ಲು ಉದುರಿಸ್ತೀನಿ!"

ಅತ್ತೆಯನ್ನು ಕಾಲೇಜಿಗೆ ಕಳಿಸುವಾಗ ತಾತ ಒಂದು ಷರತ್ತು ಹಾಕಿದ್ದರು. ಅದನ್ನು ಅವರು ಊಟಕ್ಕೆ ಕೂತಾಗ, ಎಲ್ಲರಿಗೂ ಕೇಳುವ ಹಾಗೆ, ತಿಂಗಳಿಗೊಮ್ಮೆ ಹೊಸದಾಗಿ ಹೇಳುತ್ತಿದ್ದರು.

"ಓದೋಕ್ ಕಳಿಸ್ತಿರೋದು. ಓದು, ಬಾ. ಬೇರೆ ಏನಾದ್ರೂ ಕಿವಿಗ್ ಬಿತ್ತೋ, ಅವತ್ತೇ ಬಸ್ಸು ನಿಂತೋಯ್ತು."

ಬೇರೆ ಏನಾದರೂ ಎಂದರೆ ಏನು ಎಂದು ಅವರು ಬಿಡಿಸಿ ಹೇಳುತ್ತಿರಲಿಲ್ಲ. ಆದರೆ ಅದರೊಳಗೆ ಖೋಖೋ ಖಂಡಿತ ಬರುತ್ತಿತ್ತು. ಅತ್ತೆ ಕಾಲೇಜಿನ ಖೋಖೋ ತಂಡದಲ್ಲಿದ್ದಾಳೆ, ಅಷ್ಟೇ ಅಲ್ಲ, ಆ ತಂಡದಲ್ಲಿ ಯಾರ ಕೈಗೂ ಸಿಗದೆ ಓಡುವವಳು ಅವಳೇ ಎಂಬುದು ನಮ್ಮ ಮನೆಯ ಅಡುಗೆಕೋಣೆಗೆ ಗೊತ್ತಿತ್ತು, ಜಗಲಿಗೆ ಗೊತ್ತಿರಲಿಲ್ಲ. ಅಡುಗೆಕೋಣೆ ಎಂದರೆ ಅಜ್ಜಿ, ಅವ್ವ, ಮತ್ತು ಒಲೆ ಪಕ್ಕ ಹುರಿದ ಅವರೆಕಾಳು ಕದಿಯುತ್ತಾ ಕೂತಿರುತ್ತಿದ್ದ ನಾನು. ಅತ್ತೆಗೆ ಅಭ್ಯಾಸಕ್ಕೆ ಬಯಲು ಸಿಗುತ್ತಿರಲಿಲ್ಲ, ಅದಕ್ಕೇ ಅವಳು ಮನೆಯನ್ನೇ ಬಯಲು ಮಾಡಿಕೊಂಡಿದ್ದಳು. ಸಂಜೆ ನಡುಮನೆಯಲ್ಲಿ ಗಂಡಸರು, ಆಳುಗಳು, ಬಂದ ನೆಂಟರು ಸಾಲಾಗಿ ಊಟಕ್ಕೆ ಕೂತರೆ ಬಡಿಸುವ ಕೆಲಸ ಅವಳದು. ಒಂದು ಕೈಯಲ್ಲಿ ಹುರುಳಿ ಸಾರಿನ ಪಾತ್ರೆ, ಇನ್ನೊಂದರಲ್ಲಿ ಸೌಟು. ಇಬ್ಬರ ನಡುವಿನ ಸಂದಿಯಲ್ಲಿ ತೂರಿ, ಅಪ್ಪನ ಬೆನ್ನ ಹಿಂದೆ ಸುತ್ತಿ, ಆಳು ಕೆಂಚನ ಮೊಣಕಾಲಿನ ಪಕ್ಕ ಒಂದೇ ಕಾಲಿನ ಮೇಲೆ ತಿರುಗಿ, ಮತ್ತೆ ತಾತನ ತಟ್ಟೆಯ ಮುಂದೆ ಪ್ರತ್ಯಕ್ಷಳಾಗುತ್ತಿದ್ದಳು. ಒಂದು ತೊಟ್ಟು ಸಾರು ನೆಲಕ್ಕೆ ಬೀಳುತ್ತಿರಲಿಲ್ಲ. ತಾತ ಮುದ್ದೆ ಮುರಿಯುತ್ತಾ ತಲೆದೂಗುತ್ತಿದ್ದರು.

"ಬಡಿಸೋದು ಅಂದ್ರೆ ಹಿಂಗಿರ್ಬೇಕು. ಹೋದ ಮನೇಲಿ ಹೆಸ್ರು ತರ್ತಾಳೆ."

ಒಳಗೆ ಅವ್ವ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು.

ಶಿವರಾತ್ರಿ ಕಳೆದು ಬಿಸಿಲು ಚುರುಕಾಗುತ್ತಿದ್ದ ದಿನಗಳಲ್ಲಿ, ಹೀಗೇ ಒಂದು ಊಟದ ಸಾಲಿನಲ್ಲಿ ತಾತ ಘೋಷಣೆ ಮಾಡಿದರು.

"ತುಮಕೂರ್ ಸ್ಟೇಡಿಯಂನಾಗೆ ಭಾನ್ವಾರ ಕುಸ್ತಿ ಇಟ್ಟವ್ರಂತೆ. ಎಲ್ರೂ ಹೊರಡಿ. ನಾನ್ ಸತ್ ಮೇಲೆ ತೋರಿಸ್ಲಿಲ್ಲ ಅನ್ಬಾರ್ದು."

ಆ ಕಾಲಕ್ಕೆ ತುಮಕೂರಿನ ಸ್ಟೇಡಿಯಂ ಎಂದರೆ ಸಾಮಾನ್ಯವೇ? ಸ್ವಾತಂತ್ರ್ಯ ದಿನದ ಪೆರೇಡ್ ಅಲ್ಲಿ, ವಾಲಿಬಾಲ್ ಅಲ್ಲಿ, ಆರ್ಕೆಸ್ಟ್ರಾ ಅಲ್ಲಿ, ಬೆಂಕಿ ಬಳೆಯೊಳಗೆ ಮೋಟಾರ್ ಸೈಕಲ್ ಹಾರಿಸುವವನೂ ಅಲ್ಲಿ. ಬಸ್ಸಿನ ಕಿಟಕಿಯಿಂದ ಅದರ ಗೋಡೆಯನ್ನಷ್ಟೇ ನೋಡಿದ್ದ ನಾನು ಅದರೊಳಗೆ ಏನೇನಿರಬಹುದೆಂದು ಕ್ಲಾಸಿನವರಿಗೆಲ್ಲ ಆಗಲೇ ವರ್ಣಿಸಿಬಿಟ್ಟಿದ್ದೆ. ನಾನು ಮುದ್ದೆ ಬಿಟ್ಟು ಕುಣಿದೆ. ಅತ್ತೆಯ ಕೈಯ ಸೌಟಿನಿಂದ ಮಾತ್ರ ಅವತ್ತು ಮೊಟ್ಟಮೊದಲ ಬಾರಿಗೆ ಸಾರು ನೆಲಕ್ಕೆ ಬಿತ್ತು. ಅದೇ ಭಾನುವಾರ, ಅದೇ ಸ್ಟೇಡಿಯಂನಲ್ಲಿ, ಜಿಲ್ಲೆಯ ಹುಡುಗಿಯರ ಖೋಖೋ ಕೂಡ ಇತ್ತು. ಮೊದಲು ಅತ್ತೆಯ ತಂಡಕ್ಕೆ ಕುಣಿಗಲ್ ತಂಡದ ಮೇಲೆ ಆಟ, ಗೆದ್ದರೆ ಅದರ ಹಿಂದೆಯೇ ಫೈನಲ್.

ಅಡುಗೆಕೋಣೆಯಲ್ಲಿ ಯುದ್ಧದ ಸಭೆ ಸೇರಿತು. ಆಡದೆ ಇದ್ದುಬಿಡುತ್ತೇನೆ ಎಂದು ಅತ್ತೆ ಅಳುಮುಖ ಮಾಡಿದಳು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಸೇನಾಪತಿಯ ಗತ್ತಿನಲ್ಲಿ ಹೇಳಿದಳು:

"ಯಾಕೆ ಆಡ್ದೆ ಇರ್ತೀಯ? ನೀನು ಭಾನ್ವಾರಾನೂ ಪರೀಕ್ಷೆ ಇಟ್ಟವ್ರೆ ಅಂತ ಹೇಳಿ ಮೊದಲ್ನೇ ಬಸ್ಗೆ ಹೋಗು. ಅವ್ರನ್ನ ಕುಸ್ತಿ ಮುಂದೆ ಗೂಟ ಹೊಡ್ದಂಗೆ ಕೂರಿಸೋದು ನನ್ ಜವಾಬ್ದಾರಿ. ಕುಸ್ತಿ ಕಂಡ್ರೆ ಆ ಮನುಷ್ಯಂಗೆ ಪಕ್ಕದಲ್ಲಿ ಹೆಂಡ್ತಿ ಸತ್ರೂ ಗೊತ್ತಾಗಲ್ಲ."

"ಕುಸ್ತಿ ಅಖಾಡ ಆ ತುದೀಲಿ ಅಂತೆ ಅವ್ವ, ನಮ್ದು ಈ ತುದೀಲಿ," ಎಂದು ಅತ್ತೆ ಸ್ವಲ್ಪ ಚೇತರಿಸಿಕೊಂಡಳು.

"ಮತ್ತೆ? ಸುಮ್ನೆ ಮಲ್ಕೋ ಹೋಗು," ಎಂದಳು ಅಜ್ಜಿ.

ಭಾನುವಾರ ನಾವು ಹೊರಟ ವೈಭವ ಹೇಳುತ್ತೇನೆ. ಅಜ್ಜಿ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಅವ್ವ ಚಿತ್ರಾನ್ನ, ಮೊಸರನ್ನ, ಹುರಿಗಾಳು ತುಂಬಿದ ಡಬ್ಬಿಗಳ ಗಂಟನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅಪ್ಪ ನೀರಿನ ಕೂಜ ಹೊತ್ತಿದ್ದರು. ತಾತ ಜರಿ ಪೇಟ ಸುತ್ತಿದ್ದರು. ನಾನು ಬಸ್ಸಿನುದ್ದಕ್ಕೂ ಕಂಡಕ್ಟರ ಹಿಂದೆ ನಿಂತು ಅವನದೇ ದನಿಯಲ್ಲಿ "ರೈಟ್, ರೈಟ್" ಅನ್ನುತ್ತಿದ್ದೆ. ಡ್ರೈವರು ಎರಡು ಸಲ ಮೋಸಹೋಗಿ ಹತ್ತುವವರನ್ನು ಬಿಟ್ಟು ಬಸ್ಸು ಹೊರಡಿಸಿದ ಮೇಲೆ ಅಪ್ಪ ನನ್ನ ಕಿವಿಯನ್ನು ಹಿಡಿದುಕೊಂಡೇ ಕೂತರು. ಕಿವಿ ದೊಡ್ಡದಿದ್ದರೆ ಇದೊಂದು ಅನಾನುಕೂಲ.

ಸ್ಟೇಡಿಯಂ ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಮಾವಿನ ತೋರಣ ಇತ್ತು. ಕಂಬದ ಮೇಲಿನ ಸ್ಪೀಕರಿನಲ್ಲಿ ನಾದಸ್ವರ ಬರುತ್ತಿತ್ತು. ಜನ ನುಗ್ಗುತ್ತಿದ್ದರು. ಇಷ್ಟೆಲ್ಲ ಕಂಡ ಮೇಲೆ ಅಜ್ಜಿ ಬೇರೇನು ಮಾಡಿಯಾಳು? ಚಪ್ಪಲಿ ಬಿಟ್ಟಳು. ಗೋಡೆಯ ಬದಿಗೆ ಜೋಡಿಸಿಟ್ಟು, ಹೊಸ್ತಿಲಿಲ್ಲದ ಆ ಬಾಗಿಲ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಾಗಿಲಲ್ಲಿದ್ದ ವಾಚ್‌ಮನ್ ಗಾಬರಿಯಾದ.

"ಅಮ್ಮ, ಇದು ದೇವಸ್ಥಾನ ಅಲ್ಲ ಕಣಮ್ಮ. ಹಾಕ್ಕೊಳಿ ಚಪ್ಲಿ."

"ದೇವಸ್ಥಾನ ಅಲ್ದಿದ್ರೆ ಇಷ್ಟ್ ಜನ ಯಾಕ್ ಬಂದವ್ರೆ?"

"ಆಟ ನೋಡಕ್ಕೆ."

"ಅಲ್ಲೂ ಅದಕ್ಕೇ ಬರೋದು ಬುಡಪ್ಪ."

ನಮ್ಮ ಮನೆಯ ಪದ್ಧತಿಯಲ್ಲಿ ಹಿರಿಯರು ಚಪ್ಪಲಿ ಬಿಟ್ಟ ಕಡೆ ಕಿರಿಯರು ಮೆಟ್ಟಿಕೊಂಡು ಹೋಗುವಂತಿಲ್ಲ. ಆದರೂ ತಾತ ಒಂದು ಮಾತು ಹೇಳಿ ಅಜ್ಜಿಯನ್ನು ಬೈದಿದ್ದರೆ ಕತೆ ಬೇರೆಯಾಗುತ್ತಿತ್ತು. ತಾತ ಮೀಸೆ ತಿರುವಿ, "ಒಳಗೆ ಕುಸ್ತಿ ಮಣ್ಣೈತೆ. ಅವ್ಳು ಹೇಳೋದೂ ಸರಿನೇ. ಬಿಡ್ರಿ ಎಲ್ರೂ," ಎಂದುಬಿಟ್ಟರು. ಗರಡಿಗೆ ಅವರು ಎಂದೂ ಚಪ್ಪಲಿಯಲ್ಲಿ ಹೋದವರಲ್ಲ. ಹೀಗೆ ಇಡೀ ಜಿಲ್ಲೆಯೇ ಬೂಟು, ಚಪ್ಪಲಿ, ಸ್ಯಾಂಡಲ್ ಮೆಟ್ಟಿಕೊಂಡು ಒಳಗೆ ಹೋಗುತ್ತಿದ್ದಾಗ ಒಂದು ಸಂಸಾರ ಮಾತ್ರ ಭಕ್ತಿಯಿಂದ ಬರಿಗಾಲಲ್ಲಿ ಸ್ಟೇಡಿಯಂ ಪ್ರವೇಶ ಮಾಡಿತು.

ಒಳಗೆ ಸಿಮೆಂಟಿನ ಮೆಟ್ಟಿಲುಗಳು. ಅಷ್ಟು ಹೊತ್ತಿಗೆ ಬಿಸಿಲು ಏರಿ ಅವು ದೋಸೆ ಹೆಂಚಾಗಿದ್ದವು. ಕುಸ್ತಿ ಅಖಾಡದ ಮುಂದಿನ ಗ್ಯಾಲರಿಗೆ ಒಂದು ಚೂರು ನೆರಳಿಲ್ಲ. ಮೊದಲ ಮೆಟ್ಟಿಲಿಗೆ ಕಾಲಿಟ್ಟ ಅಪ್ಪ "ಅಮ್ಮಾ" ಎಂದು ಎರಡನೆಯದಕ್ಕೆ ಹಾರಿದರು, ಅಲ್ಲಿಂದ ಮೂರನೆಯದಕ್ಕೆ. ಕೂಜದ ನೀರು ಮುಂದೆ ಕೂತವನ ತಲೆಗೆ ಸುರಿಯಿತು. ಅವ್ವ ಗಂಟು ಹಿಡಿದುಕೊಂಡು ಒಂದೇ ಜಾಗದಲ್ಲಿ ಕುಣಿಯುತ್ತಿದ್ದಳು. ತಾತ ಮಾತ್ರ ಗತ್ತು ಬಿಡದೆ ನೆಟ್ಟಗೆ ನಡೆಯುತ್ತಿದ್ದರು. ಸೊಂಟದಿಂದ ಮೇಲೆ ಅವರು ಯಜಮಾನರೇ, ಕೆಳಗೆ ಮಾತ್ರ ಹತ್ತು ಬೆರಳುಗಳೂ ತಮ್ಮಿಷ್ಟದಂತೆ ಕೋಲಾಟ ಆಡುತ್ತಿದ್ದವು. ನಾನು ಅವರ ಹಿಂದೆಯೇ ಅವರಂತೆ ನಡೆದು ತೋರಿಸುತ್ತಿದ್ದೆ, ಸುತ್ತಲಿನವರು ನಗುತ್ತಿದ್ದರು. ಆದರೆ ನನ್ನ ಕಾಲೂ ಸುಡುತ್ತಿದ್ದುದರಿಂದ ಎಲ್ಲಿ ಅನುಕರಣೆ ಮುಗಿದು ಎಲ್ಲಿ ಸ್ವಂತ ಕುಣಿತ ಶುರುವಾಯಿತೋ ನನಗೇ ಗೊತ್ತಾಗಲಿಲ್ಲ.

"ಇಲ್ಲೇ ಕೂರೋಣ, ಇಲ್ಲೇ ಕೂರೋಣ," ಎಂದು ಅಜ್ಜಿ ಕುಣಿಯುತ್ತಲೇ ಗೋಗರೆದಳು. "ಕುಸ್ತಿ ಇಲ್ಲೇ ನಡೆಯೋದು!"

"ಕುಸ್ತಿ ನೋಡೋಕ್ ಕಾಲುಳೀಬೇಕಲ್ಲ! ಇನ್ನೂ ಮಣ್ಗೆ ನೀರ್ ಚಿಮುಕಿಸ್ತಾವ್ರೆ. ನಡೀರಿ, ಆ ಚಾವಣಿ ಕೆಳಗೆ ತಣ್ಣಗೈತೆ," ಎಂದು ತಾತ ಮೈದಾನದ ಅಂಚಿನ ಹುಲ್ಲಿನ ದಾರಿ ಹಿಡಿದು ಹೊರಟೇಬಿಟ್ಟರು.

ಚಾವಣಿಯಿದ್ದುದು ಅತ್ತೆ ಹೇಳಿದ್ದ ಈ ತುದಿಯಲ್ಲಿ. ಅದರ ಎದುರಿಗೇ ಎರಡು ಮರದ ಕಂಬ ನೆಟ್ಟು, ಸುಣ್ಣದ ಗೆರೆ ಹಾಕಿ, ಖೋಖೋ ಅಂಕಣ ಸಿದ್ಧಮಾಡಿದ್ದರು. ಅಜ್ಜಿ ನನ್ನ ಮುಖ ನೋಡಿದಳು. ನಾನು ಅವ್ವನ ಮುಖ ನೋಡಿದೆ. ಅವ್ವ ಗಂಟಿನೊಳಗೆ ಮುಖ ಹುದುಗಿಸಿಕೊಂಡಳು. ಇಡೀ ಯುದ್ಧತಂತ್ರ ಅಜ್ಜಿಯ ಒಂದು ಜೊತೆ ಚಪ್ಪಲಿಯಲ್ಲಿ ಹಾಳಾಗಿತ್ತು.

ಆಟ ಶುರುವಾಯಿತು. ಕುಣಿಗಲ್ಲಿನ ಹುಡುಗಿಯರು ಸಾಲಾಗಿ, ಒಬ್ಬಳು ಆ ಕಡೆ ಮುಖ ಒಬ್ಬಳು ಈ ಕಡೆ ಮುಖ ಮಾಡಿ, ಕುಕ್ಕರಗಾಲಲ್ಲಿ ಕೂತರು. ಅಟ್ಟಿಸಿಕೊಂಡು ಬರುವವಳು ಸಾಲಿನ ನಡುವೆ ನುಗ್ಗುವಂತಿಲ್ಲ, ಕೂತವಳ ಬೆನ್ನು ತಟ್ಟಿ ಖೋ ಎಂದು ಅವಳನ್ನು ಎಬ್ಬಿಸಬೇಕು. ಓಡುವವರು ಮಾತ್ರ ಸಂದಿಯಲ್ಲಿ ಹೇಗೆ ಬೇಕಾದರೂ ತೂರಬಹುದು. ತಾತ ಪಕ್ಕದಲ್ಲಿ ಕೂತಿದ್ದ ಗುಬ್ಬಿಯ ಒಬ್ಬ ಮುದುಕರನ್ನು ಕೇಳಿ ಇಷ್ಟನ್ನು ತಿಳಿದುಕೊಂಡರು. ಆ ಮುದುಕರದ್ದೂ ಗರಡಿಯ ಮೈ. ಕಿವಿ ಮುರುಟಿತ್ತು, ಕತ್ತು ಭುಜದೊಳಗೆ ಇಳಿದಿತ್ತು. ತಮ್ಮೂರಿನ ಹುಡುಗಿಯರು ಆಗಲೇ ಫೈನಲಿಗೆ ಬಂದಿರುವುದಾಗಿ ಹೇಳಿ ಮೀಸೆ ಸವರಿಕೊಂಡರು.

"ಯಾರ್ ಮನೆ ಹೆಣ್ಮಕ್ಳೋ ಇವು," ಎಂದರು ತಾತ. "ಹೇಳೋರ್ ಕೇಳೋರ್ ಇಲ್ವಾ?"

"ಇಲ್ಲ ಅಂತ ಕಾಣುತ್ತೆ," ಎಂದಳು ಅಜ್ಜಿ ಅವಸರವಾಗಿ. "ನೀವು ಆ ಕಡೆ ತಿರುಕ್ಕೊಳಿ. ಎಲಡಿಕೆ ಹಾಕ್ಕೊಳಿ."

ತಾತ ತಿರುಗಿಕೊಳ್ಳಲಿಲ್ಲ. ಒಂದು ಸಲಕ್ಕೆ ಓಡಲು ಇಳಿಯುವ ಮೂವರಲ್ಲಿ ಇಬ್ಬರು ಔಟಾಗಿ ಅತ್ತೆಯೊಬ್ಬಳೇ ಉಳಿದಿದ್ದಳು. ಜಡೆಯನ್ನು ಗಂಟು ಕಟ್ಟಿ, ಯಾರದೋ ದೊಗಲೆ ಬನಿಯನ್ನು ತೊಟ್ಟ ಆ ಹುಡುಗಿಯನ್ನು ತಾತ ಗುರುತು ಹಿಡಿದಿರಲಿಲ್ಲ. ಆದರೆ ಕುಸ್ತಿಯವರ ಕಣ್ಣು; ಅದು ಮುಖ ನೋಡುವುದಿಲ್ಲ, ಕಾಲು ನೋಡುತ್ತದೆ. ಎಲಡಿಕೆ ಅವರ ದವಡೆಯಲ್ಲಿ ನಿಂತೇಹೋಯಿತು.

"ಲೇ ಮೈಕು, ಆ ಗಂಟ್ ಜಡೆಯವ್ಳನ್ನ ನೋಡ್ಲಾ. ಕಾಲಿಡೋ ಜಾಗ ಕಣ್ಣಾಗೆ ನೋಡ್ತಿಲ್ಲ, ಬೆನ್ನಾಗೆ ನೋಡ್ತಾವ್ಳೆ!"

"ಯಾರೋ ಪುಣ್ಯವಂತ ಹೆತ್ತವ್ನೆ ಬುಡಿ ಯಜಮಾನ್ರೆ," ಎಂದರು ಗುಬ್ಬಿಯವರು.

ನನಗೆ ನಗುವೂ ಅಳುವೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು. ಅಷ್ಟರಲ್ಲಿ ಅತ್ತೆ ಇಬ್ಬರ ಸಂದಿಯಲ್ಲಿ ತೂರಿ, ಮೂರನೆಯವಳ ಬೆನ್ನು ಸುತ್ತಿ, ನಾಲ್ಕನೆಯವಳ ಮೊಣಕಾಲಿನ ಪಕ್ಕ ಒಂದೇ ಕಾಲಿನ ಮೇಲೆ ತಿರುಗಿದಳು. ಒಂದು ಕೈ ಸೊಂಟದ ಎತ್ತರಕ್ಕೆ, ಏನನ್ನೋ ಹಿಡಿದಂತೆ, ಅಲುಗದೆ ನಿಂತಿತ್ತು. ತಾತ ನಿಧಾನವಾಗಿ ಅಜ್ಜಿಯ ಕಡೆ ತಿರುಗಿದರು.

"ಏನೇ ಇದು? ನಮ್ಮನೇಲಿ ಸಾರು ಬಡಿಸೋ ನಡೆ ಅಲ್ವೇನೇ?"

ತಾತ ಎದ್ದು ನಿಂತರು. ಕೆಮ್ಮಿದರು. ಆಮೇಲೆ ಎದೆಯ ಗೂಡಿನಿಂದ, ಮೈದಾನದ ಆಚೆ ತುದಿಯಲ್ಲಿ ಮಣ್ಣಿಗೆ ನೀರು ಚಿಮುಕಿಸುತ್ತಿದ್ದವನೂ ಕೊಡ ಕೆಳಗಿಡುವ ಹಾಗೆ, ಒಂದು ಹೆಸರು ಎದ್ದು ಬಂತು.

"ಸರೋಜಾ!"

ಅತ್ತೆಗೆ ಗೊತ್ತಿದ್ದುದು ಇಷ್ಟೇ: ಅಯ್ಯ ಆ ತುದಿಯಲ್ಲಿ ಕುಸ್ತಿಯ ಮುಂದೆ ಗೂಟ ಹೊಡೆದಂತೆ ಕೂತಿದ್ದಾರೆ. ಹಾಗಾದರೆ ಈ ತುದಿಯಲ್ಲಿ ಆ ದನಿ ತೆಗೆಯುವ ಪ್ರಾಣಿ ಒಂದೇ ಒಂದು. ಅವಳು ತಿರುಗಿಯೂ ನೋಡಲಿಲ್ಲ. ಅಟ್ಟುವವಳ ಬೆರಳು ತಪ್ಪಿಸಿ ಕಂಬ ಸುತ್ತುತ್ತಾ, ಇಡೀ ಚಾವಣಿಗೆ ಕೇಳುವ ಹಾಗೆ ಕಿರುಚಿದಳು:

"ಹೋಗ್ಲಾ ಮೂದೇವಿ! ಮುಗ್ಸಿ ಬಂದು ನಿನ್ ಹಲ್ಲು ಉದುರಿಸ್ತೀನಿ!"

ಚಾವಣಿಯ ಕೆಳಗಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಸಾಲೊಂದೇ ಸಾವಿನ ಮನೆಯಂತಿತ್ತು. ಹುಟ್ಟಿದಂದಿನಿಂದ ಯಾರಿಂದಲೂ ಅಂಥ ಮಾತು ಕೇಳದ ಮನುಷ್ಯ ಬಾಯಿ ತೆರೆದುಕೊಂಡೇ ನಿಂತಿದ್ದರು. ನಂಬಲಾರದೆ, ತಮ್ಮದೇ ಪದ್ಧತಿ ಮುರಿದು, ಎರಡನೇ ಸಲ ಕೂಗಲು ಎದೆಯುಬ್ಬಿಸಿದರು. ಆಗ ಗುಬ್ಬಿಯವರು ಅವರ ಪಂಚೆ ಹಿಡಿದೆಳೆದರು.

"ಕೂತ್ಕೊಳಿ ಯಜಮಾನ್ರೆ. ಆಡೋರ್ನ ನಡುವೆ ಕೂಗ್ತಾರಾ? ಜೋಡಿ ಕೈ ಹಿಡಿದ್ ಮೇಲೆ ಪೈಲ್ವಾನನ್ನ ಹೆತ್ತಪ್ಪನೂ ಕರೆಯಂಗಿಲ್ಲ. ನೀವು ಗರಡಿ ಕಂಡಿಲ್ವೇನು?"

ನೀವು ಗರಡಿ ಕಂಡಿಲ್ಲವೇ! ಮೂದೇವಿ ಎನ್ನಿಸಿಕೊಂಡದ್ದಕ್ಕಿಂತ ಇದು ಜೋರಾಗಿ ತಾಗಿತು. ತಾತ ದೊಪ್ಪೆಂದು ಕೂತರು. ಸೀಟಿ ಬೀಳುವವರೆಗೂ ಅತ್ತೆ ಔಟಾಗಲಿಲ್ಲ. ಕುಣಿಗಲ್ಲಿನವರು ಸೋತರು. ಆ ತುದಿಯಲ್ಲಿ ಕುಸ್ತಿಯ ಡೋಲು ಬಡಿಯತೊಡಗಿತು, ತಾತ ಅತ್ತ ಕತ್ತೂ ತಿರುಗಿಸಲಿಲ್ಲ.

ಅವ್ವ ಡಬ್ಬಿ ಬಿಚ್ಚಿದಳು. ಏನಾದರೂ ಮಾಡಬೇಕಲ್ಲ ಎಂದು ಬಿಚ್ಚಿದಳು, ಅಷ್ಟೆ. ಚಿತ್ರಾನ್ನದ ನಿಂಬೆಯ ವಾಸನೆ ಸುತ್ತ ಹರಡಿತು, ಯಾರೂ ಕೈ ಹಾಕಲಿಲ್ಲ. ಅಷ್ಟರಲ್ಲಿ ಮೈಯೆಲ್ಲ ಧೂಳಾಗಿ, ಗೆದ್ದ ಖುಷಿಯಲ್ಲಿ ಮೆಟ್ಟಿಲು ಹಾರಿಕೊಂಡು ಅತ್ತೆ ಬಂದಳು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ನನ್ನ ಕಿವಿ.

"ಬಾರ್ಲಾ ಇಲ್ಲಿ! ಆಟದ್ ಮಧ್ಯೆ ಅಯ್ಯನ್ ದನಿ ತೆಗೀತೀಯಾ? ಒಂದ್ ಗಳಿಗೆ ಪ್ರಾಣ ಹೋದಂಗಾಯ್ತು..."

"ನಾನು ಕಣಮ್ಮ ಕೂಗಿದ್ದು," ಎಂದರು ತಾತ.

ಅತ್ತೆ ಇದ್ದಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಅಷ್ಟು ಹೊತ್ತು ಒಂಬತ್ತು ಜನರಿಂದ ತಪ್ಪಿಸಿಕೊಂಡಿದ್ದವಳಿಗೆ ಒಬ್ಬರಿಂದ ತಪ್ಪಿಸಿಕೊಳ್ಳಲು ದಾರಿ ಕಾಣಲಿಲ್ಲ.

"ಇದೇನಾ ನಿನ್ ಪರೀಕ್ಷೆ?"

"ಹೂಂ ಅಯ್ಯ."

"ಪರೀಕ್ಷೆ ಅಲ್ದೆ ಇನ್ನೇನು?" ಎಂದು ಅಜ್ಜಿ ನಡುವೆ ಬಂದಳು. "ಪಾಸೋ ಫೇಲೋ ಅಲ್ಲೇ ಸೀಟಿ ಊದಿ ಹೇಳ್ತಾರೆ."

"ಓಹೋ. ನಿಂಗೂ ಗೊತ್ತಿತ್ತು." ತಾತನ ಕಣ್ಣು ಅವ್ವನ ಕಡೆ ಹೋಯಿತು. ಅವ್ವ ಚಿತ್ರಾನ್ನ ಕಲಸತೊಡಗಿದಳು. ನನ್ನ ಕಡೆ ಬಂತು. ನಾನು ಬಿಕ್ಕಳಿಸಿದೆ. ಕೊನೆಗೆ ಅಪ್ಪನ ಕಡೆ.

"ನಂಗೇನೂ ಗೊತ್ತಿಲ್ಲ ಅಯ್ಯ," ಎಂದರು ಅಪ್ಪ ಕೂಜ ಅಪ್ಪಿಕೊಂಡು. "ಈ ಮನೇಲಿ ನಂಗೆ ಯಾವತ್ತು ಏನ್ ಗೊತ್ತಿತ್ತು?"

"ಅಂದ್ರೆ ಮನೇಲಿ ದಡ್ರು ನಾವಿಬ್ರೇ."

ಕೆಳಗಿನಿಂದ ಅತ್ತೆಯ ತಂಡದವರು ಕೂಗಿದರು. ಫೈನಲಿಗೆ ಸಾಲು ನಿಲ್ಲಬೇಕಿತ್ತು. ಅತ್ತೆ ಏಳಲಿಲ್ಲ, ತಾತನ ಮುಖವನ್ನೇ ನೋಡುತ್ತಿದ್ದಳು. ತಾತ ಅವಳ ಕಾಲು ನೋಡುತ್ತಿದ್ದರು.

"ಉಳಿದೋರೆಲ್ಲ ಬೂಟ್ ಹಾಕವ್ರೆ. ನೀನ್ಯಾಕೆ ಬರಿಗಾಲು?"

"ಬರಿಗಾಲಲ್ಲೇ ಹಿಡ್ತ ಸಿಗೋದು ಅಯ್ಯ."

ತಾತ ತಮ್ಮ ಬರಿಗಾಲನ್ನೊಮ್ಮೆ ನೋಡಿಕೊಂಡರು. ಗುಬ್ಬಿಯವರಿಗೆ ಸುಮ್ಮನಿರಲಾಗಲಿಲ್ಲ.

"ಓ, ನಿಮ್ ಮಗ್ಳಾ! ಕಳಿಸ್ಬೇಡಿ ಬುಡಿ ಯಜಮಾನ್ರೆ. ನಮ್ಮೂರ್ ಹುಡ್ಗೀರ್ ಮುಂದೆ ಸೋತು ಅತ್ಕೊಂಡ್ ಬರ್ತಾಳೆ, ನಿಮ್ಗೂ ಬೇಜಾರು."

ತಾತ ಪೇಟ ತೆಗೆದು ಅಜ್ಜಿಯ ತೊಡೆಯ ಮೇಲಿಟ್ಟರು. ಅದು ಕೆಟ್ಟ ಲಕ್ಷಣವೋ ಒಳ್ಳೆಯದೋ ನಮಗೆ ತಿಳಿಯಲಿಲ್ಲ.

"ಹೋಗಮ್ಮ. ಎಡಗಾಲು ಮೊದ್ಲು ಎತ್ತುತೀಯ, ಎದುರಿನವ್ರಿಗೆ ಗೊತ್ತಾಗ್ಬುಡುತ್ತೆ. ಬದಲಾಯಿಸ್ಕೊಂಡು ಆಡು." ಅತ್ತೆಯ ಮುಖ ಅರಳುವ ಮೊದಲೇ ಬೆರಳೆತ್ತಿದರು. "ಇವತ್ತೊಂದು ಆಟ. ಬಸ್ಸಿನ ವಿಚಾರ ಮನೇಲಿ ಮಾತಾಡಣ."

ಅಂದರೆ ಕಾಲೇಜು ಮುಗಿಯಿತು ಎಂದೇ ನಾವೆಲ್ಲ ತಿಳಿದೆವು. ಅತ್ತೆಯೂ ಹಾಗೇ ತಿಳಿದಳು; ಮೆಟ್ಟಿಲು ಇಳಿಯುವಾಗ ಹಾರಲಿಲ್ಲ, ಒಂದೊಂದಾಗಿ ಇಳಿದಳು.

ಆ ಫೈನಲನ್ನು ಅತ್ತೆಯ ತಂಡ ಒಂದು ಪಾಯಿಂಟಿನಿಂದ ಸೋತಿತು ಎಂದು ಈಗಲೇ ಹೇಳಿಬಿಡುತ್ತೇನೆ, ಗುಬ್ಬಿಯವರು ಯಾರಾದರೂ ಓದುತ್ತಿದ್ದರೆ ಸಮಾಧಾನವಾಗಿ ಮುಂದೆ ಓದಲಿ. ನಾನು ಹೇಳಬೇಕಾದದ್ದು ಅದರ ಕೊನೆಯ ಸರದಿಯ ಕತೆ. ಅತ್ತೆ ಮತ್ತೆ ಒಬ್ಬಳೇ ಉಳಿದಿದ್ದಳು. ಕಾಲು ಓಡುತ್ತಿತ್ತು, ಮನಸ್ಸು ಓಡುತ್ತಿರಲಿಲ್ಲ. ನಡುನಡುವೆ ಅವಳ ಕಣ್ಣು ಚಾವಣಿಯ ಕಡೆ ತೇಲಿಬರುತ್ತಿತ್ತು. ಗುಬ್ಬಿಯ ಉದ್ದನೆಯ ಹುಡುಗಿಯೊಬ್ಬಳ ಬೆರಳು ಅವಳ ಬೆನ್ನಿಗೆ ಒಂದು ಗೇಣು, ಅರ್ಧ ಗೇಣು ಹತ್ತಿರಕ್ಕೆ ಬಂದು ತಪ್ಪುತ್ತಿತ್ತು. ತಾತ ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದರು. ಕೂಗುವಂತಿಲ್ಲ, ಗರಡಿಯ ನೇಮ. ಅದನ್ನು ಕಾಯಲು ಗುಬ್ಬಿಯವರು ಪಕ್ಕದಲ್ಲೇ ಕೂತಿದ್ದರು, ಈ ಸಲ ಬೇರೆಯೇ ಉತ್ಸಾಹದಿಂದ. ಇದ್ದಕ್ಕಿದ್ದಂತೆ ತಾತ ನನ್ನ ಕತ್ತು ಹಿಡಿದು ಹತ್ತಿರ ಎಳೆದುಕೊಂಡರು.

"ಲೇ ಮೈಕು. ನನ್ ದನಿ ಬರುತ್ತಂತಲ್ಲ ನಿಂಗೆ?"

"ಇಲ್ಲ ತಾತ, ಯಾರೋ ಚಾಡಿ..."

"ನಾನು ಕೂಗಂಗಿಲ್ಲ. ನೀನು ಕೂಗು. ನನ್ ದನೀಲೇ ಕೂಗು. ಓಡು ಅನ್ನು."

ತಾತನ ಅಪ್ಪಣೆ! ಇಂಥ ದಿನ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕೂತಿದ್ದ ಬೆಂಚಿನ ಮೇಲೆ ಹತ್ತಿ ನಿಂತೆ. ಕೆಮ್ಮಿದೆ, ಅವರಂತೆಯೇ. ಇಡೀ ಸ್ಟೇಡಿಯಂ ನನ್ನೆದುರಿಗಿತ್ತು. ಬಾಯಿ ತೆರೆದೆ. ಕಂಡಕ್ಟರಿಲ್ಲ, ಹೆಡ್‌ಮಾಸ್ಟರಿಲ್ಲ, ತಾತನಂತೂ ಮೊದಲೇ ಇಲ್ಲ. ಬಾಡಿಗೆ ಕೊಡದವರೆಲ್ಲ ಒಟ್ಟಿಗೆ ಮನೆ ಖಾಲಿ ಮಾಡಿದ್ದರು. ಹೊರಬಂದದ್ದು ಬಾಗಿಲಿನ ಸಂದಿಗೆ ಸಿಕ್ಕಿದ ಇಲಿಮರಿಯ ದನಿ. ಮುಂದಿನ ಸಾಲಿನವನು ಹಿಂದಿರುಗಿ ನೋಡಿ, ಹುಡುಗನಿಗೆ ಯಾರೋ ಚಿವುಟಿದರೇನೋ ಎಂದು ವಿಚಾರಿಸಿದ.

"ಥೂ ನಿನ್ನ! ಮನೆ ಹಾಳಾಗೋ ಹೊತ್ತಲ್ಲಿ ಬರುತ್ತೆ, ಕೆಲ್ಸದ್ ಹೊತ್ತಲ್ಲಿ ಬರಲ್ಲ," ಎಂದು ನನ್ನನ್ನು ಬೆಂಚಿನಿಂದ ಇಳಿಸಿ ತಾತ ತಾವೇ ಹತ್ತಿದರು. ಗುಬ್ಬಿಯವರು ಪಂಚೆಗೆ ಕೈ ಹಾಕಿದರು.

"ಯಜಮಾನ್ರೆ! ಗರಡಿ ನೇಮ!"

"ನೇಮ ಗರಡೀಗೆ ಕಣ್ರೀ. ಇದು ಖೋಖೋ!"

ಬಿಚ್ಚಿಹೋಗುತ್ತಿದ್ದ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದನ್ನು ಆಕಾಶಕ್ಕೆತ್ತಿ, ಬರಿತಲೆಯಲ್ಲಿ, ಬರಿಗಾಲಲ್ಲಿ ನಿಂತು ನಮ್ಮ ತಾತ ಕೂಗಿದರು. ಅದರ ಮುಂದೆ ನನ್ನ ಅಷ್ಟು ವರ್ಷದ ಅನುಕರಣೆ ಏನೂ ಅಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು.

"ಓಡೇ ಸರೋಜಾ, ಓಡು! ಬಸ್ಸು ನಿಲ್ಸಲ್ಲ ಕಣೇ! ಬಸ್ಸು ನಿಲ್ಸಲ್ಲ, ಓಡು!"

ಅಕ್ಕಪಕ್ಕದವರು ಮುಖಮುಖ ನೋಡಿಕೊಂಡರು. ಒಬ್ಬ ಎದ್ದು, ಯಾವ ಬಸ್ಸು, ಎಲ್ಲಿಗೆ ಹೋಗುವುದು ಎಂದು ಬಾಗಿಲ ಕಡೆ ಇಣುಕಿದ. ಅಜ್ಜಿ ಪೇಟವನ್ನು ಎದೆಗವಚಿಕೊಂಡು ಅಳುತ್ತಿದ್ದಳು. ಕೆಳಗೆ, ಸುಣ್ಣದ ಗೆರೆಗಳ ನಡುವೆ, ಅತ್ತೆ ಒಂದೇ ಒಂದು ಗಳಿಗೆ ತಡೆದಳು. ಆಮೇಲೆ ಬಲಗಾಲು ಮೊದಲು ಎತ್ತಿ, ಇಬ್ಬರ ನಡುವಿನ ಸಂದಿಯಲ್ಲಿ ತೂರಿಕೊಂಡು ಓಡಿದಳು.